ಒಲ್ಲೆನೆಂಬ ಮಾತಿನ ಮುಂದೆ



ಕ್ರಿಸ್ತನ ಸುವಾರ್ತೆಯನ್ನು ಪರರಿಗೆ ತಿಳಿಸಹೊರಟಾಗ ನಮ್ಮನ್ನು ಅಡ್ಡಗಟ್ಟುವ ತಿರಸ್ಕಾರಭಯವನ್ನು ಕುರಿತು ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಬರೆದ ಪತ್ರವು ಕೈಸೇರಿದಾಗ, ಅದನ್ನು ನಯವಾಗಿ ಹಿಂದಿರುಗಿಸುವ ಬಗೆ ಯಾವುದೆಂದು ನಾನು ಎರಡು ದಿನ ಯೋಚಿಸಿದೆನು. ಹಾಗೆ ಹಿಂದಿರುಗಿಸಿದರೆ ಅವರು ಏನೆಂದುಕೊಂಡಾರೋ ಎಂಬ ಅಳುಕಿನಿಂದಲೇ ಕಡೆಗೆ ಒಪ್ಪಿಕೊಂಡೆನೆಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ವಿಷಯದಲ್ಲಿ ನನಗಿರುವ ಅರ್ಹತೆ ಅದೊಂದೇ. ಬೀದಿಯಲ್ಲಿ ನಿಂತು ಸಾರಿದವನು ನಾನಲ್ಲ. ಜಾತ್ರೆಗಳಲ್ಲಿ ಸುವಾರ್ತೆಯ ಪುಸ್ತಕಗಳನ್ನು ಮಾರಿದವನಲ್ಲ. ಅಯ್ಯನವರ ದೀಕ್ಷೆಯನ್ನು ಪಡೆದವನೂ ಅಲ್ಲ. ಗದಗ-ಬೆಟಗೇರಿಯ ಸೀಮೆಯಲ್ಲಿ ಮೂವತ್ತು ವರ್ಷಗಳ ಕಾಲ ಹುಡುಗರಿಗೆ ಸಂಧಿ ಸಮಾಸಗಳನ್ನು ಕಲಿಸಿ, ರವಿವಾರ ಬೆಳಿಗ್ಗೆ ದೇವಾಲಯದ ಮೂರನೆಯ ಸಾಲಿನ ಬಾಕಿನಲ್ಲಿ ಕುಳಿತು, ಆಶೀರ್ವಚನವಾದ ಕೂಡಲೇ ಮನೆಗೆ ಬಂದವನು. ಅಂಜಿಕೆಯನ್ನು ಗೆದ್ದ ಶೂರರ ಚರಿತ್ರೆಗಳು ಬೇಕಾದಷ್ಟಿವೆ. ಅಂಜಿದವನೊಬ್ಬನ ಮಾತನ್ನೂ ಒಮ್ಮೆ ಕೇಳಬಹುದು.

ನನ್ನ ಜೊತೆಯಲ್ಲಿ ಗಣಿತವನ್ನು ಕಲಿಸುತ್ತಿದ್ದ ಮಾಸ್ತರರೊಬ್ಬರಿದ್ದರು. ನನಗಿಂತ ಆರೇಳು ವರ್ಷ ಹಿರಿಯರು, ಆಚಾರವಂತರು, ಹಣೆಯ ಮೇಲಿನ ವಿಭೂತಿ ಮಧ್ಯಾಹ್ನದವರೆಗೆ ಅಳಿಸದಂತೆ ಬಿಸಿಲಿನಲ್ಲೂ ಎಚ್ಚರಿಕೆಯಿಂದ ನಡೆಯುತ್ತಿದ್ದವರು. ಅವರ ಹೆಂಡತಿ ತೀರಿಕೊಂಡು ತಿಂಗಳು ಕಳೆದಿರಬಹುದು. ಒಂದು ಸಂಜೆ, ಶಾಲೆ ಬಿಟ್ಟು ಹುಡುಗರ ಗದ್ದಲವೆಲ್ಲ ಅಡಗಿದ ಮೇಲೆ, ಶಿಕ್ಷಕರ ಕೋಣೆಯಲ್ಲಿ ನಾವಿಬ್ಬರೇ ಕುಳಿತಿದ್ದಾಗ, ತಿದ್ದುತ್ತಿದ್ದ ವಹಿಯನ್ನು ಮುಚ್ಚಿ ಅವರು ಕೇಳಿದರು: “ಮಾಸ್ತರ, ನಿಮ್ಮ ಪುಸ್ತಕದಾಗ ಸತ್ತವರ ಸಂಗತಿ ಏನಂತ ಬರದಾರ? ನೀವು ಹೆಂಗ ನಂಬತೀರಿ?”

ನೀವು ಹೇಗೆ ನಂಬುತ್ತೀರಿ ಎಂದು ಅವರು ಕೇಳಿದುದನ್ನು ಗಮನಿಸಬೇಕು. ಅದಕ್ಕಿಂತ ಅಗಲವಾಗಿ ಯಾವ ಬಾಗಿಲೂ ಯಾರಿಗೂ ತೆರೆಯಲಾರದು. ನನ್ನ ತಂದೆಯ ಮಣ್ಣಿನ ದಿನ ನಾನು ಯಾವ ನಿರೀಕ್ಷೆಯನ್ನು ಹಿಡಿದುಕೊಂಡು ಕುಣಿಯ ಅಂಚಿನಲ್ಲಿ ನಿಂತಿದ್ದೆನೋ ಅದನ್ನು ನಾಲ್ಕು ಮಾತಿನಲ್ಲಿ ಹೇಳಬಹುದಾಗಿತ್ತು. ನಾನು ಹೇಳಿದ್ದು ಇಷ್ಟು: “ದುಃಖ ಎಲ್ಲಾರಿಗೂ ಒಂದರೀ. ಕಾಲ ಹೋದಂಗ ಕಡಿಮಿ ಆಗತದ.” ಅವರು “ಹೌದರಿ” ಎಂದು ಮತ್ತೆ ವಹಿಯನ್ನು ತೆರೆದರು. ಕೆಂಪು ಮಸಿಯ ಲೇಖನಿಯು ಕಾಗದದ ಮೇಲೆ ಓಡುವ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ನಾನು ಅಂಜಿದ್ದು ಯಾವುದಕ್ಕೆ? ಆ ಸಾತ್ವಿಕ ಮನುಷ್ಯರು ನನ್ನನ್ನು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಮೇಲಧಿಕಾರಿಗಳಿಗೆ ದೂರು ಬರೆಯುತ್ತಿರಲಿಲ್ಲ. ನಾನು ಅಂಜಿದ್ದು ಅವರ ಹುಬ್ಬಿಗೆ. ಇವನೂ ಕಡೆಗೆ ತನ್ನ ಬುದ್ಧಿಯನ್ನು ತೋರಿಸಿದನೆಂದು ಆ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರಿದ್ದರೂ ನಮ್ಮ ಹತ್ತು ವರ್ಷಗಳ ಒಡನಾಟವು ಅಂದಿಗೆ ಮುಗಿಯಿತೆಂದು ನಾನೇ ತೀರ್ಮಾನಿಸಿಕೊಂಡುಬಿಟ್ಟಿದ್ದೆನು. ಮನೆಗೆ ಹೋಗುವ ದಾರಿಯಲ್ಲಿ ಆ ಅಂಜಿಕೆಗೆ ಬೇರೆ ಹೆಸರುಗಳನ್ನು ಹುಡುಕಿದೆನು: ದುಃಖದಲ್ಲಿರುವವರಿಗೆ ಉಪದೇಶ ಮಾಡಬಾರದು, ಪರರ ಶ್ರದ್ಧೆಯನ್ನು ಗೌರವಿಸಬೇಕು, ನಡತೆಯೇ ಮಾತಿಗಿಂತ ದೊಡ್ಡ ಸಾಕ್ಷ್ಯ, ಎಂದು ಮುಂತಾಗಿ. ಇವೆಲ್ಲ ನಿಜವಾದ ಮಾತುಗಳೇ. ಆದರೆ ಅಂದು ಅವು ನನ್ನ ಭಯವು ಹೊದ್ದುಕೊಂಡ ಸೌಜನ್ಯದ ಶಲ್ಯವಾಗಿದ್ದುವು; ಶಲ್ಯವು ಒಳ್ಳೆಯದಾಗಿದ್ದ ಮಾತ್ರಕ್ಕೆ ಹೊದ್ದವನು ಒಳ್ಳೆಯವನಾಗುವುದಿಲ್ಲ.

ಈ ಭಯವನ್ನು ಬರಿಯ ಹೇಡಿತನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ನಮ್ಮ ನಾಡಿನಲ್ಲಿ ಒಬ್ಬನು ತನ್ನ ಗುರುವಿನ ಮಹಿಮೆಯನ್ನು ರೈಲುಬಂಡಿಯಲ್ಲಿ ಕುಳಿತು ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ವರ್ಣಿಸಿದರೂ ಕೇಳುವವರು ತಲೆದೂಗುವರು. ಕ್ರೈಸ್ತನು ಬಾಯ್ದೆರೆದರೆ ಮಾತ್ರ, ಇವನಿಗೆ ಇದರಿಂದೇನು ಲಾಭವಿದೆಯೋ ಎಂಬ ಶಂಕೆಯು ತಲೆಹಾಕುವುದು. ಆ ಶಂಕೆಗೆ ಕಾರಣಗಳಿಲ್ಲದಿಲ್ಲ. ಪರರಾಜ್ಯವೂ ಸುವಾರ್ತೆಯೂ ಒಂದೇ ಹಡಗಿನಲ್ಲಿ ಬಂದಂತೆ ಜನರಿಗೆ ಕಂಡಿತು. ಹಿಂದಿನ ಕಾಲದ ಕರಪತ್ರಗಳಲ್ಲಿ ಕ್ರಿಸ್ತನನ್ನು ಹೊಗಳುವುದಕ್ಕಿಂತ ಪರರ ದೇವರುಗಳನ್ನು ಹಳಿಯುವುದರಲ್ಲಿ ಹೆಚ್ಚು ಮಸಿ ವೆಚ್ಚವಾದುದೂ ಉಂಟು. ಅಜ್ಜ ಮಾಡಿದ ಸಾಲವನ್ನು ಮೊಮ್ಮಗನು ತೀರಿಸುವಂತೆ ನಾವು ಆ ಮಾತುಗಳ ಬಡ್ಡಿಯನ್ನು ಇಂದಿಗೂ ಕಟ್ಟುತ್ತಿದ್ದೇವೆ.

ಅಂಜಿಕೆಯ ಚರಿತ್ರೆಯನ್ನು ಬರೆಯಹೊರಡುವವನಿಗೆ ಸುವಾರ್ತೆಗಳೇ ಮೊದಲ ಆಕರಗ್ರಂಥಗಳು. ಯೇಸುವನ್ನು ಹಿಡಿಯಲು ಜನರು ದೀಪ ಪಂಜುಗಳೊಡನೆ ಬಂದಾಗ, ಮಹಾಯಾಜಕನ ಆಳಾದ ಮಲ್ಕನೆಂಬವನ ಬಲಗಿವಿಯನ್ನು ಪೇತ್ರನು ಕತ್ತಿಯಿಂದ ಕತ್ತರಿಸಿದನೆಂದು ಯೋಹಾನನು ಬರೆಯುತ್ತಾನೆ. ಅದೇ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಕೆಂಡದ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತ ನಿಂತಿದ್ದ ಅದೇ ಪೇತ್ರನು, ಒಬ್ಬ ದಾಸಿಯು ಕೇಳಿದ ಮಾತಿಗೆ ತನಗೂ ಆತನಿಗೂ ಸಂಬಂಧವೇ ಇಲ್ಲವೆಂದನು. ಗಲಿಲಾಯದ ನುಡಿಯ ಧಾಟಿಯೇ ಅವನನ್ನು ಹಿಡಿದುಕೊಟ್ಟಿತೆಂದು ಮತ್ತಾಯನು ಸೂಚಿಸುತ್ತಾನೆ. ನಮ್ಮ ಧಾರವಾಡದ ಕಡೆಯವನು ಬೆಂಗಳೂರಿಗೆ ಹೋಗಿ ಎಷ್ಟು ಅಚ್ಚುಕಟ್ಟಾಗಿ ಮಾತನಾಡಿದರೂ ಎರಡನೆಯ ವಾಕ್ಯಕ್ಕೆ ಅವನ ಊರು ಗೊತ್ತಾಗುವಂತೆ!

ಇವೆರಡನ್ನೂ ನಾವು ಬೇರೆ ಬೇರೆಯಾಗಿ ಎಣಿಸುತ್ತೇವೆ. ಮೊದಲನೆಯದನ್ನು ಆವೇಶವೆಂದು ಮನ್ನಿಸುತ್ತೇವೆ, ಎರಡನೆಯದನ್ನು ಹೇಡಿತನವೆಂದು ಖಂಡಿಸುತ್ತೇವೆ. ನನಗಂತೂ ವಯಸ್ಸು ಏರುತ್ತ ಬಂದಂತೆ ಇವೆರಡೂ ಒಂದೇ ಭಯದ ಎರಡು ಕೈಗಳೆಂದು ತೋರುತ್ತಿದೆ. ಎದುರಿಗಿರುವವನು ಒಲ್ಲೆನೆಂದಾನೆಂಬ ಭಯವು ಕೆಲವರನ್ನು ಮೂಕರನ್ನಾಗಿ ಮಾಡುವುದು. ಇನ್ನು ಕೆಲವರನ್ನು, ಅವನು ಒಲ್ಲೆನೆನ್ನುವುದಕ್ಕೆ ಅವಕಾಶವೇ ಇಲ್ಲದಂತೆ ಗದರಿ ಮಾತನಾಡುವವರನ್ನಾಗಿ ಮಾಡುವುದು. ಚೌಕದಲ್ಲಿ ಧ್ವನಿವರ್ಧಕವನ್ನು ಹಿಡಿದು ನರಕದ ಬೆಂಕಿಯನ್ನು ಬಣ್ಣಿಸಿ, ಯಾರೊಬ್ಬರೂ ಒಂದು ಪ್ರಶ್ನೆಯನ್ನು ಕೇಳುವ ಮೊದಲೇ ಮೋಟಾರನ್ನೇರಿ ಹೊರಟುಹೋಗುವ ಉಪದೇಶಿಯನ್ನು ನಾವು ಧೈರ್ಯಶಾಲಿಯೆನ್ನುತ್ತೇವೆ. ಅವನ ಧೈರ್ಯವು ಎಷ್ಟೆಂಬುದು ಮೋಟಾರಿನ ವೇಗದಿಂದಲೇ ತಿಳಿಯುತ್ತದೆ. ಕೇಳಬೇಕಾದ ಕಿವಿಯನ್ನೇ ಕತ್ತರಿಸಿದ ಮೇಲೆ ಸಾರುವುದಾದರೂ ಯಾರಿಗೆ? ಆ ಕಿವಿಯನ್ನು ಯೇಸು ಮುಟ್ಟಿ ವಾಸಿಮಾಡಿದನೆಂಬುದು ಲೂಕನೊಬ್ಬನು ಮಾತ್ರ ಹೇಳುವ ಸಂಗತಿ. ವೈದ್ಯನೆಂದು ಹೆಸರಾದ ಲೂಕನಿಗೆ ಅದು ಮುಖ್ಯವಾಗಿ ಕಂಡುದು ಸಹಜವೇ ಸರಿ. ಶಿಷ್ಯರು ಕಡಿದ ಕಿವಿಗಳನ್ನು ಗುರುವು ಮತ್ತೆ ಮತ್ತೆ ಜೋಡಿಸಬೇಕಾಗಿ ಬಂದುದೇ ಸಭೆಯ ಚರಿತ್ರೆಯ ಬಹುಭಾಗವೆಂದು ನನಗನಿಸುತ್ತದೆ.

ಪೇತ್ರನ ಕಥೆಯು ಅಲ್ಲಿಗೆ ಮುಗಿಯಲಿಲ್ಲವಷ್ಟೆ. ಪುನರುತ್ಥಾನವಾದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಅವನು ಯೇಸುವನ್ನು ಕಂಡಾಗ ಅಲ್ಲಿಯೂ ಕೆಂಡದ ಬೆಂಕಿಯೊಂದು ಉರಿಯುತ್ತಿತ್ತು. ಅದಕ್ಕೆ ಗ್ರೀಕ್ ಮೂಲದಲ್ಲಿರುವ ಶಬ್ದವು ಹೊಸ ಒಡಂಬಡಿಕೆಯಲ್ಲೆಲ್ಲ ಈ ಎರಡೇ ಕಡೆಗಳಲ್ಲಿ, ಮಹಾಯಾಜಕನ ಅಂಗಳದಲ್ಲಿಯೂ ಈ ದಡದಲ್ಲಿಯೂ, ಬರುತ್ತದೆ. ಆ ವಾಸನೆಯೇ ಪೇತ್ರನಿಗೆ ಸಾಕಾಗಿದ್ದಿರಬೇಕು. ಅಲ್ಲಿ ಯೇಸು ಅವನನ್ನು ಏಕೆ ಅಂಜಿದೆಯೆಂದು ಕೇಳಲಿಲ್ಲ. ಇನ್ನು ಮೇಲೆ ಧೈರ್ಯದಿಂದಿರುವೆಯಾ ಎಂದೂ ಕೇಳಲಿಲ್ಲ. ಪ್ರೀತಿಸುತ್ತೀಯಾ ಎಂದು ಮೂರು ಸಾರಿ ಕೇಳಿ, ಮೂರು ಸಾರಿಯೂ ಕುರಿಗಳನ್ನು ಅವನ ಕೈಗೊಪ್ಪಿಸಿದನು. ಭಯಕ್ಕೆ ಮದ್ದು ಧೈರ್ಯವೆಂದು ನಾವು ನಂಬಿದ್ದೇವಲ್ಲ, ಆ ನಂಬಿಕೆಗೆ ಈ ದಡದಲ್ಲಿ ಆಧಾರ ದೊರೆಯುವುದಿಲ್ಲ. ಮುಂದೆ ಪೇತ್ರನ ಹೆಸರಿನಲ್ಲಿರುವ ಮೊದಲನೆಯ ಪತ್ರಿಕೆಯಲ್ಲಿ, ನಮ್ಮ ನಿರೀಕ್ಷೆಗೆ ಕಾರಣವನ್ನು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಬೇಕೆಂದೂ ಆ ಉತ್ತರವು ಸಾತ್ವಿಕತ್ವದಿಂದಲೂ ಮರ್ಯಾದೆಯಿಂದಲೂ ಕೂಡಿರಬೇಕೆಂದೂ ಬರೆದಿದೆ. ಒಂದೇ ರಾತ್ರಿಯಲ್ಲಿ ಕತ್ತಿಯನ್ನೂ ಮೌನವನ್ನೂ ಪ್ರಯೋಗಿಸಿ ನೋಡಿದವನ ಬಾಯಿಂದಲ್ಲದೆ ಬೇರೆ ಯಾರ ಬಾಯಿಂದ ಆ ಎರಡು ಮಾತುಗಳು ಒಟ್ಟಿಗೆ ಬಂದಾವು?

ತಿರಸ್ಕಾರವೆಂದೊಡನೆ ನಮ್ಮ ಕಣ್ಣಮುಂದೆ ಬರುವವನು ಸಾರುವವನೇ. ಈ ದೃಷ್ಟಿಯನ್ನು ಸ್ವಲ್ಪ ಕೇಳುವವನ ಕಡೆಗೆ ಹೊರಳಿಸಬೇಕೆಂಬುದು ನನ್ನ ಬಿನ್ನಹ. ಮಿಶನರಿ ವಿಲಿಯಂ ಕೇರಿಯವರು 1793ರಲ್ಲಿ ಬಂಗಾಳಕ್ಕೆ ಬಂದರು. ಅವರ ಕಡೆಯಿಂದ ಮೊದಲ ಬಂಗಾಳಿಯೊಬ್ಬನಿಗೆ ದೀಕ್ಷಾಸ್ನಾನವಾದುದು 1800ರ ಡಿಸೆಂಬರ್ 28ರಂದು, ಶ್ರೀರಾಮಪುರದ ಹೂಗ್ಲಿ ನದಿಯಲ್ಲಿ. ಏಳು ವರ್ಷಗಳ ಆ ಬರಗಾಲವನ್ನು ನಮ್ಮ ಪ್ರಸಂಗಿಗಳು ಕೇರಿಯವರ ತಾಳ್ಮೆಗೆ ನಿದರ್ಶನವಾಗಿ ಹೇಳುವುದುಂಟು, ಹೇಳತಕ್ಕದ್ದೇ. ಆದರೆ ಆ ದಿನ ನೀರಿಗಿಳಿದ ಬಡಗಿ ಕೃಷ್ಣಪಾಲನ ಪಾಡೇನಾಯಿತು? ಕೈ ಕೀಲು ತಪ್ಪಿದಾಗ ವೈದ್ಯ ಜಾನ್ ಥಾಮಸ್ ಅವರಿಂದ ಚಿಕಿತ್ಸೆಯನ್ನೂ ಅದರೊಡನೆ ಸುವಾರ್ತೆಯನ್ನೂ ಪಡೆದ ಅವನು, ದೀಕ್ಷಾಸ್ನಾನಕ್ಕೆ ಕೆಲವು ದಿನಗಳ ಮೊದಲು ಮಿಶನರಿಗಳ ಪಂಕ್ತಿಯಲ್ಲಿ ಕುಳಿತು ಉಂಡನೆಂಬ ಕಾರಣಕ್ಕೆ, ಜನರು ಗುಂಪುಗೂಡಿ ಅವನನ್ನು ಮನೆಯಿಂದ ಅಧಿಕಾರಿಯ ಬಳಿಗೆ ಎಳೆದೊಯ್ದರು. ಬಂಗಾಳದಲ್ಲಿ ಕೇರಿಯವರಿಗಿಂತ ಮೊದಲಿನಿಂದ ದುಡಿದಿದ್ದ ಥಾಮಸ್ ಅವರಿಗೆ ಆ ಮೊದಲ ಫಲದ ಸಂತೋಷವನ್ನು ತಾಳಲಾರದೆ ಬುದ್ಧಿಭ್ರಮಣೆಯಾಯಿತು. ನಿರಾಶೆಯಲ್ಲಿ ಕೆಡದ ಚಿತ್ತವು ಸಂತೋಷದಲ್ಲಿ ಕೆಟ್ಟ ಈ ವಿಚಿತ್ರವನ್ನು ನೆನೆದಾಗಲೆಲ್ಲ, ಸಾರುವವನು ತನಗೆ ತಿಳಿಯದಂತೆ ಎಷ್ಟು ಭಾರವನ್ನು ಫಲದ ಮೇಲೆ ಹೇರಿಕೊಂಡಿರುತ್ತಾನೆಂದು ಬೆರಗಾಗುತ್ತೇನೆ.

ನಮ್ಮ ಕರಾವಳಿಗೆ ಬನ್ನಿರಿ. ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರ್ 30ರಂದು ಮಂಗಳೂರನ್ನು ಮುಟ್ಟಿದರು. ಅವರಲ್ಲಿ ಹೆಬಿಕ್ಕರು ಮುಂದೆ ಕಣ್ಣೂರಿಗೆ ಹೋಗಿ, ಮಲೆಯಾಳ ಸೀಮೆಯ ಜಾತ್ರೆಗಳಲ್ಲಿ ನಿಂತು, ಕಲ್ಲು ಮಣ್ಣುಗಳ ಸುರಿಮಳೆಯಲ್ಲಿಯೂ ಸಾರಿದ ಕಥೆಯು ಪ್ರಸಿದ್ಧವಾಗಿದೆ. ಉದ್ದ ಗಡ್ಡದ ಆ ಮಹಾಶಯರಿಗೆ ಭಯವೆಂಬುದು ಗೊತ್ತೇ ಇರಲಿಲ್ಲವೆಂದು ತೋರುತ್ತದೆ. ಆದಕಾರಣ ನನ್ನಂಥವನು ಅವರಿಂದ ಕಲಿಯಬಹುದಾದುದೂ ಹೆಚ್ಚಿಲ್ಲ. ನನ್ನ ಮನಸ್ಸು ನಿಲ್ಲುವುದು ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರ ಮೇಲೆ. ಅವರ ಗುರುಗಳು ಹರ್ಮನ್ ಮೋಗ್ಲಿಂಗರು. 1843ರ ಜುಲೈ ತಿಂಗಳಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದವರು. ಮರುವರ್ಷದ ಜನವರಿಯಲ್ಲಿ ಕೌಂಡಿನ್ಯರು ಇನ್ನಿಬ್ಬರೊಡನೆ ದೀಕ್ಷಾಸ್ನಾನ ಹೊಂದಿದಾಗ ಊರು ಕೋಲಾಹಲಗೊಂಡಿತು. ಬಂಧುಗಳು ಕೈಬಿಟ್ಟರು; ಎಳೆಯ ವಯಸ್ಸಿನಲ್ಲಿ ಕೈಹಿಡಿದ ಹೆಂಡತಿಯು ಆ ದಾರಿಯಲ್ಲಿ ಜೊತೆಗೂಡಲಿಲ್ಲ. ಆಮೇಲೆ ಅವರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷಿತ ಬೋಧಕರಾಗಿ ಮರಳಿದುದು ಚರಿತ್ರೆಯ ಒಂದು ಸಾಲು. ಆ ಸಾಲಿನ ಹಿಂದೆ ಹದಿಹರೆಯವನ್ನು ಆಗತಾನೆ ದಾಟುತ್ತಿದ್ದ ಹುಡುಗನೊಬ್ಬನು ತನ್ನ ತಾಯಿಯ ಅಡುಗೆಮನೆಯ ಹೊಸ್ತಿಲನ್ನು ಇನ್ನು ದಾಟುವಂತಿಲ್ಲವೆಂದು ಅರಿತ ಗಳಿಗೆಯಿದೆ.

ಹೀಗೆ ಮನೆ ಬಿಟ್ಟು ಬಂದವನಿಗೆ ಕುಲಕಸುಬಿಲ್ಲ, ಹೊಲವಿಲ್ಲ, ಎಷ್ಟೋ ಕಡೆ ಬಾವಿಯ ನೀರೂ ಇಲ್ಲ. ಬಾಸೆಲ್ ಮಿಶನ್ನಿನವರು ನೇಯ್ಗೆಯ ಕಾರ್ಖಾನೆಗಳನ್ನೂ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದುದಕ್ಕೆ ಈ ಹೊಟ್ಟೆಪಾಡಿನ ಪ್ರಶ್ನೆಯೇ ಒಂದು ದೊಡ್ಡ ಕಾರಣ. ಮಂಗಳೂರು ಹೆಂಚು ದೇಶದ ಮನೆಮನೆಯ ಮಾಡನ್ನೇರಿತಷ್ಟೆ. ಅದನ್ನು ಸುಟ್ಟವರಲ್ಲಿ ಬಹಳ ಮಂದಿ ತಮ್ಮ ಸ್ವಂತ ಮನೆಯ ಮಾಡನ್ನು ಬಿಟ್ಟು ಬಂದವರಾಗಿದ್ದರು. ತಿರಸ್ಕಾರದ ಲೆಕ್ಕವನ್ನು ಬರೆಯುವುದಾದರೆ ಮೊದಲ ಪುಟ ಅವರದು. ಶಿಕ್ಷಕರ ಕೋಣೆಯಲ್ಲಿ ಒಂದು ಹುಬ್ಬಿಗೆ ಅಂಜಿದವನ ಹೆಸರು ಆ ಪುಸ್ತಕದ ರಟ್ಟಿನ ಒಳಮೈಯಲ್ಲಿ ಬಂದರೂ ಹೆಚ್ಚಾಯಿತು.

ಇದನ್ನು ನಾನು ಅಂಜುವವರನ್ನು ನಾಚಿಸಲೆಂದು ಹೇಳುತ್ತಿಲ್ಲ. ಕೇಳುವವನ ಮುಂದೆ ಏನೇನಿದೆಯೆಂಬುದನ್ನು ಒಮ್ಮೆ ಕಣ್ಣಾರೆ ಕಂಡುಕೊಂಡರೆ, ಅವನು ಒಲ್ಲೆನೆಂದಾಗ ಅದು ನಮ್ಮ ಮುಖಕ್ಕೆ ಹೊಡೆದ ಮಾತಾಗಿ ಕೇಳಿಸುವುದಿಲ್ಲವೆಂಬುದೇ ನನ್ನ ಅಭಿಪ್ರಾಯ. ಅವನು ತನ್ನ ತಾಯಿಯನ್ನು ನೆನೆದು ಒಲ್ಲೆನೆನ್ನುತ್ತಿರಬಹುದು; ತಂಗಿಯ ಮದುವೆಯನ್ನು ನೆನೆದು ಒಲ್ಲೆನೆನ್ನುತ್ತಿರಬಹುದು; ತನ್ನ ಗುರು ತನಗೆ ಕೊಟ್ಟ ಬೆಳಕಿಗೆ ನಿಷ್ಠನಾಗಿ, ಪೂರ್ಣ ವಿವೇಕದಿಂದ ಒಲ್ಲೆನೆನ್ನುತ್ತಿರಬಹುದು. ಅಂಥ ಮಾತು ನಮಗೆ ಅವಮಾನವಾದುದಾದರೂ ಹೇಗೆ? ಅಷ್ಟು ದೊಡ್ಡ ವಿಷಯದಲ್ಲಿ ನಮ್ಮನ್ನೇ ನಡುವೆ ನಿಲ್ಲಿಸಿಕೊಂಡುದರಿಂದ ಹುಟ್ಟಿದ ನೋವದು.

ಮೋಗ್ಲಿಂಗರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಹೇಳಲೆಂದು ಬಂದವರು ಕೇಳತೊಡಗಿದರು. ತಮ್ಮ ಸಂದೇಶವನ್ನು ಒಪ್ಪದ ಜನರ ಗಾದೆಗಳನ್ನೂ ಹಾಡುಗಳನ್ನೂ ಆಲಿಸಿ, ಮೈಮರೆತು ಕಲೆಹಾಕಿದರು. ನಿವೃತ್ತ ನ್ಯಾಯಾಧೀಶ ಕಸಮೇಜರ್ ಅವರ ದ್ರವ್ಯಸಹಾಯದಿಂದ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದರು. ಕ್ರಿಸ್ತನನ್ನು ಸಾರಲು ಬಂದ ಪಾದ್ರಿಯು ಬಸವಪುರಾಣದ ಕರಡನ್ನು ತಿದ್ದುತ್ತ ಕುಳಿತಿರುವ ಆ ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಿರಿ. 1853ರಲ್ಲಿ ಬಂದ ಅದೇ ಮಿಶನ್ನಿನ ಕಿಟೆಲ್ಲರು ಇದೇ ದಾರಿಯಲ್ಲಿ ಇನ್ನೂ ದೂರ ನಡೆದರು. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ 1862ರಲ್ಲಿ ‘ಕಥಾಮಾಲೆ’ಯನ್ನು ಬರೆದರು, 1894ರಲ್ಲಿ ಪ್ರಕಟವಾದ ಅವರ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳಿವೆ. ಇಂದು ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕನ್ನಡಿಗರು ಅವರ ಪ್ರತಿಮೆಯನ್ನು ನಿಲ್ಲಿಸಿರುವುದು ಅವರ ಪ್ರಸಂಗಗಳನ್ನು ನೆನೆದಲ್ಲ, ನಿಘಂಟನ್ನು ನೆನೆದು. ಇದನ್ನು ಸೋಲೆನ್ನಬೇಕೆ? ಮಿಶನ್ನಿನ ವಾರ್ಷಿಕ ವರದಿಗೆ ಇದು ಸೋಲಾಗಿ ಕಂಡಿದ್ದೀತು. ಒಬ್ಬ ಮನುಷ್ಯನು ತನ್ನನ್ನು ಒಪ್ಪದವರ ನುಡಿಯನ್ನು, ಅವರು ಅಡುಗೆಮನೆಯಲ್ಲಿ ಹೊಲದಲ್ಲಿ ಜಗಳದಲ್ಲಿ ಆಡುವ ಒಂದೊಂದು ಮಾತನ್ನು, ಒಂದು ಆಯುಷ್ಯದ ಕಾಲ ಎತ್ತಿಕೊಂಡು ಮುದ್ದಿಸಬಲ್ಲನಾದರೆ, ಅವನಲ್ಲಿ ತಿರಸ್ಕಾರದ ಭಯವು ಉಳಿದಿರುವುದಕ್ಕೆ ಸ್ಥಳವೆಲ್ಲಿ? ಪ್ರೀತಿಸುವವನು ಅಂಜುವುದಿಲ್ಲವೆಂದಲ್ಲ, ಅಂಜುವುದಕ್ಕೆ ಬಿಡುವಿಲ್ಲದಷ್ಟು ಕೆಲಸ ಅವನಿಗಿರುತ್ತದೆ.

ಅಪೊಸ್ತಲ ಪೌಲನನ್ನು ನಾವು ಕಬ್ಬಿಣದ ಮನುಷ್ಯನೆಂದು ತಿಳಿದಿದ್ದೇವೆ. ಅಥೇನೆ ಪಟ್ಟಣದ ಪಂಡಿತರು ಅವನನ್ನು ಕರೆದ ಹೆಸರು ಗ್ರೀಕಿನಲ್ಲಿ ಕಾಳು ಹೆಕ್ಕುವ ಹಕ್ಕಿಯನ್ನು ಸೂಚಿಸುವ ಶಬ್ದ. ಅಲ್ಲಲ್ಲಿ ಬಿದ್ದ ತುಣುಕು ಜ್ಞಾನವನ್ನು ಹೆಕ್ಕಿಕೊಂಡು ಹರಟುವವನೆಂದು ಅದರ ಇಂಗಿತ. ಅರಿಯೊಪಾಗದಲ್ಲಿ ಅವನು ಮಾತು ಮುಗಿಸಿದಾಗ ಕೆಲವರು ಹಾಸ್ಯಮಾಡಿದರು, ಕೆಲವರು ಮತ್ತೊಮ್ಮೆ ಕೇಳೋಣವೆಂದರು, ದಿಯೊನುಸ್ಯನೂ ದಾಮರಿಯೆಂಬ ಹೆಂಗಸೂ ಇನ್ನು ಕೆಲವರೂ ನಂಬಿದರು. ಮತ್ತೊಮ್ಮೆ ಕೇಳೋಣವೆನ್ನುವ ಎರಡನೆಯ ಪಂಗಡವು ನಮಗೆಲ್ಲ ಬಹಳ ಪರಿಚಿತವಾದುದು; ನಯವಾದ ತಿರಸ್ಕಾರಕ್ಕೆ ಇಂದಿಗೂ ಅದೇ ಭಾಷೆ. ಅಲ್ಲಿಂದ ಹೊರಟು ಕೊರಿಂಥಕ್ಕೆ ಬಂದಾಗ ತಾನು ಬಲಹೀನನೂ ಭಯಪಡುವವನೂ ಬಹು ನಡುಗುವವನೂ ಆಗಿದ್ದೆನೆಂದು ಪೌಲನೇ ಆಮೇಲೆ ಆ ಊರಿನವರಿಗೆ ಬರೆದಿದ್ದಾನೆ. ಅಂಜಬೇಡ, ಸುಮ್ಮನಿರದೆ ಮಾತನಾಡು ಎಂಬ ಅಪ್ಪಣೆಯು ಅವನಿಗೆ ರಾತ್ರಿಯ ದರ್ಶನದಲ್ಲಾದುದು ಅದೇ ಊರಿನಲ್ಲಿ. ಸುಮ್ಮನಾಗಿಬಿಡುವ ಯೋಚನೆಯೇ ಇಲ್ಲದವನಿಗೆ ಹಾಗೆ ಹೇಳುವ ಅಗತ್ಯವಾದರೂ ಏನಿತ್ತು? ಅಲ್ಲಿ ಅವನು ಒಂದು ವರ್ಷ ಆರು ತಿಂಗಳು ನಿಂತನು. ನಡುಗುತ್ತಲೇ ನಿಂತನೆಂದು ನಾನು ಓದಿಕೊಳ್ಳುತ್ತೇನೆ. ನಡುಕವು ಹೋದ ಮೇಲೆ ಮಾತನಾಡುವೆನೆಂದು ಕಾದು ಕುಳಿತ ನನ್ನಂಥವನಿಗೆ ಮೂವತ್ತು ವರ್ಷಗಳೂ ಸಾಲಲಿಲ್ಲ.

ಕೊರಿಂಥದವರಿಗೆ ಅವನು ಬರೆದ ಇನ್ನೊಂದು ಮಾತು, ನಮ್ಮ ಕಡೆಯ ಒಕ್ಕಲಿಗನಿಗೆ ವಿವರಿಸಬೇಕಾಗಿಯೇ ಇಲ್ಲ: ನೆಟ್ಟವನು ಒಬ್ಬ, ನೀರು ಹೊಯ್ದವನು ಇನ್ನೊಬ್ಬ, ಬೆಳೆಸಿದವನು ದೇವರೆಂಬುದು ಅದರ ತಾತ್ಪರ್ಯ. ಎರೆಹೊಲದಲ್ಲಿ ಹಿಂಗಾರಿ ಜೋಳವನ್ನು ಬಿತ್ತಿದ ರೈತನು ಮರುದಿನ ಬೆಳಿಗ್ಗೆ ಹೋಗಿ ಮಣ್ಣನ್ನು ಕೆದಕಿ ಕಾಳು ತನ್ನನ್ನು ತಿರಸ್ಕರಿಸಿತೇ ಎಂದು ನೋಡುವುದಿಲ್ಲ. ನಾವು ಮಾತ್ರ ಸಭೆಯ ವರದಿಯಲ್ಲಿ ಎಷ್ಟು ಮನೆಗಳಿಗೆ ಹೋದೆವು, ಎಷ್ಟು ಜನರು ಒಪ್ಪಿದರು ಎಂದು ಅಂಕಿಗಳನ್ನು ಕೂಡಿಸುತ್ತೇವೆ. ಅಂಕಿಗಳನ್ನು ಕೂಡಿಸುವವನಿಗೆ ಪ್ರತಿಯೊಬ್ಬನ ಒಲ್ಲೆನೆಂಬ ಮಾತೂ ಒಂದು ನಷ್ಟವಾಗಿಯೇ ಕಾಣಬೇಕು.

ವ್ಯಾಕರಣದ ಮಾಸ್ತರನಾದುದರಿಂದ ಒಂದು ಶಬ್ದದ ಬಳಿ ಸ್ವಲ್ಪ ಹೊತ್ತು ನಿಲ್ಲುವೆನು. ಸಾಕ್ಷಿ ಎಂಬ ಪದದಲ್ಲಿ ಕಣ್ಣೆಂಬ ಅರ್ಥದ ‘ಅಕ್ಷ’ವಿದೆ, ಕಣ್ಣಾರೆ ಕಂಡವನು ಸಾಕ್ಷಿ. ನ್ಯಾಯಸ್ಥಾನದಲ್ಲಿ ವಕೀಲನಿಗೆ ಗೆಲವು ಸೋಲುಗಳುಂಟು, ನ್ಯಾಯಾಧೀಶನಿಗೆ ತೀರ್ಪಿನ ಹೊರೆಯುಂಟು. ಸಾಕ್ಷಿಗೆ ಇವೆರಡೂ ಇಲ್ಲ. ಕಂಡುದನ್ನು ಕಂಡಂತೆ ಹೇಳಿ ಕಟಕಟೆಯಿಂದ ಇಳಿದರೆ ಅವನ ಕೆಲಸವಾಯಿತು. ಅವನು ಸೋಲುವ ದಾರಿಗಳು ಎರಡೇ: ಕಾಣದುದನ್ನು ಹೇಳುವುದು, ಕಂಡುದನ್ನು ಹೇಳದಿರುವುದು. ವಕೀಲನಿಗೂ ಸಾಕ್ಷಿಗೂ ಇರುವ ಈ ಭೇದವು ನಾನು ಕಂಡುಹಿಡಿದುದಲ್ಲ. 1907ರಲ್ಲಿ ಅಮೆರಿಕೆಯಿಂದ ನಮ್ಮ ದೇಶಕ್ಕೆ ಬಂದ ಮಿಶನರಿ ಸ್ಟ್ಯಾನ್ಲಿ ಜೋನ್ಸರು, ತಮ್ಮ ಯೌವನದ ಮೊದಲ ಪ್ರಸಂಗದಲ್ಲಿ ದೇವರ ವಕೀಲನಂತೆ ವಾದವನ್ನು ಹೂಡಿಕೊಂಡು ಹೋಗಿ, ಆರಂಭದಲ್ಲಿಯೇ ಒಂದು ಕಠಿಣ ಶಬ್ದಕ್ಕೆ ತೊಡರಿ ಎಲ್ಲವನ್ನೂ ಮರೆತು, ಕಡೆಗೆ ತಮ್ಮ ಬಾಳಿನಲ್ಲಿ ಕ್ರಿಸ್ತನು ಮಾಡಿದುದನ್ನಷ್ಟೇ ಹೇಳಿ ಕುಳಿತ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ. ಮುಂದೆ ಅವರು ನಾನಾ ಮತಗಳ ವಿದ್ಯಾವಂತರನ್ನು ಒಂದೇ ವೃತ್ತದಲ್ಲಿ ಕುಳ್ಳಿರಿಸಿ, ವಾದವಿಲ್ಲದೆ, ತಂತಮ್ಮ ಧರ್ಮವು ತಂತಮ್ಮ ಬಾಳಿನಲ್ಲಿ ಏನನ್ನು ಮಾಡಿದೆಯೆಂಬುದನ್ನು ಮಾತ್ರ ಹೇಳಿಸುತ್ತಿದ್ದರು. ಅಲ್ಲಿ ಕ್ರೈಸ್ತನೂ ತನ್ನ ಸರದಿಗಾಗಿ ಕಾಯಬೇಕಾಗಿತ್ತು. ಕಾಯುವುದನ್ನು ಕಲಿತವನಿಗೆ ಹೇಳುವುದು ಅರ್ಧ ಬಂದಂತೆಯೇ ಸರಿ.

ಹೇಳುವ ಹಕ್ಕಿನ ವಿಷಯಕ್ಕೆ ಬಂದರೆ, ನಮ್ಮ ಸಂವಿಧಾನದ ಇಪ್ಪತ್ತೈದನೆಯ ವಿಧಿಯಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಸೇರಿಸಬೇಕೇ ಬೇಡವೇ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯು ಚರ್ಚಿಸಿ, ಸೇರಿಸಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ತಿಳಿಸುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪಿತ್ತಿತು. ಈ ತೀರ್ಪಿನ ಮೇಲೆ ನಮ್ಮವರಲ್ಲಿ ಬಹಳ ಚರ್ಚೆಯಾಗಿದೆ. ನಾನು ಅದಕ್ಕೆ ಕೈಹಾಕಲಾರೆನು. ಆ ವಿಧಿಯ ಹಕ್ಕುಗಳ ಸಾಲಿನಲ್ಲಿ ಪ್ರಚಾರವೆಂಬ ಶಬ್ದವು ಕೊನೆಗೆ ಬರುವುದೆಂದೂ ಅಂತಃಕರಣದ ಸ್ವಾತಂತ್ರ್ಯವೆಂಬುದು ಎಲ್ಲಕ್ಕಿಂತ ಮೊದಲು ಬರುವುದೆಂದೂ ಮಾತ್ರ ಓದುಗನಾಗಿ ಗಮನಿಸಿದ್ದೇನೆ. ನಾನು ಹೇಳುವುದಕ್ಕಿಂತ ಮೊದಲು ಕೇಳುವವನ ಅಂತಃಕರಣವಿದೆ.

ಈ ಮಾತಿಗೆ ವಕೀಲರ ಸಮ್ಮತಿ ಬೇಕಾಗಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಬಹು ಆಸ್ತಿಯುಳ್ಳವನೊಬ್ಬನು ಓಡಿಬಂದು ಮೊಣಕಾಲೂರಿ ನಿತ್ಯಜೀವದ ಮಾರ್ಗವನ್ನು ಕೇಳುತ್ತಾನೆ. ಉತ್ತರವನ್ನು ಕೇಳಿ, ಮುಖ ಸಣ್ಣದು ಮಾಡಿಕೊಂಡು ಹೊರಟುಹೋಗುತ್ತಾನೆ. ಯೇಸುವಿನ ಸುವಾರ್ತೆಯನ್ನು ಯೇಸುವಿನ ಬಾಯಿಂದಲೇ ಕೇಳಿ ಒಲ್ಲೆನೆಂದವನವನು. ಅವನನ್ನು ಯೇಸು ಹಿಂಬಾಲಿಸಲಿಲ್ಲ, ಬೇಡಿಕೆಯನ್ನು ಸ್ವಲ್ಪ ಕಡಿಮೆಮಾಡಿ ಕೂಗಿ ಕರೆಯಲಿಲ್ಲ, ಹೆದರಿಸಲಿಲ್ಲ. ಆದರೆ ಉತ್ತರವನ್ನು ಕೊಡುವ ಮೊದಲು ಅವನನ್ನು ನೆಟ್ಟ ದೃಷ್ಟಿಯಿಂದ ನೋಡಿ ಅವನಲ್ಲಿ ಪ್ರೀತಿಯಿಟ್ಟನೆಂದು ಮಾರ್ಕನು ಬರೆದಿಟ್ಟಿದ್ದಾನೆ. ಹಾಗೆ ಪ್ರೀತಿಗೊಳಗಾದ ಆ ಮನುಷ್ಯನು ಹೋಗುವುದಕ್ಕೂ ಸ್ವತಂತ್ರನಾಗಿದ್ದನು. ಇದನ್ನು ಓದಿದಾಗಲೆಲ್ಲ, ಒಲ್ಲೆನೆನ್ನುವ ಹಕ್ಕನ್ನು ನಾವೇ ಮೊದಲು ಎದುರಿನವನ ಕೈಯಲ್ಲಿಟ್ಟು ಆಮೇಲೆ ಬಾಯ್ದೆರೆದರೆ, ಅವನು ಅದನ್ನು ಬಳಸಿದನೆಂದು ಎದೆಯೊಡೆದುಕೊಳ್ಳುವ ಪ್ರಸಂಗವೇ ಬಾರದೆಂದು ನನಗೆ ತೋರುತ್ತದೆ. ನಾವು ಕೊಟ್ಟುದನ್ನೇ ಅವನು ಬಳಸಿದ್ದಾನಷ್ಟೆ.

ಇಷ್ಟನ್ನು ತಿಳಿದುಕೊಳ್ಳುವಷ್ಟರಲ್ಲಿ ನಾನು ನಿವೃತ್ತನಾದೆನು. ಗಣಿತದ ಮಾಸ್ತರರು ನನಗಿಂತ ಮೊದಲೇ ನಿವೃತ್ತರಾಗಿ ಮಗನ ಮನೆಯಲ್ಲಿದ್ದರು. ಆ ಸಂಜೆಯಾಗಿ ಹನ್ನೊಂದು ವರ್ಷಗಳು ಕಳೆದಿದ್ದುವು. ಒಂದು ರವಿವಾರ ದೇವಾಲಯದಿಂದ ನೇರವಾಗಿ ಅವರಲ್ಲಿಗೆ ಹೋದೆನು. ಅವರು ಕಟ್ಟೆಯ ಮೇಲೆ ಕುಳಿತು ಅಡಕೊತ್ತಿನಿಂದ ಅಡಿಕೆಯನ್ನು ಕತ್ತರಿಸುತ್ತಿದ್ದರು. ಅದೂ ಇದೂ ಮಾತಾಡಿದ ಮೇಲೆ, ನೀವು ಒಮ್ಮೆ ಒಂದು ಮಾತು ಕೇಳಿದ್ದಿರಿ, ಅಂದು ನಾನು ಉತ್ತರ ಕೊಡಲಿಲ್ಲ, ಈಗ ಕೇಳುವ ಮನಸ್ಸಿದ್ದರೆ ಹೇಳುತ್ತೇನೆ, ಬೇಡವಾದರೆ ಬೇಡ ಎಂದೆನು. ಗಂಟಲು ಒಣಗಿತ್ತು, ಕೈಯಲ್ಲಿದ್ದ ಬೈಬಲ್ಲನ್ನು ಪಕ್ಕಕ್ಕೆ ಇಟ್ಟಿದ್ದೆನು, ಏಕೆಂದರೆ ಕೈ ನಡುಗುತ್ತಿತ್ತು. ಅವರು “ಹೇಳ್ರಿ” ಎಂದರು. ನನ್ನ ತಂದೆಯ ಮಣ್ಣಿನ ದಿನದಿಂದ ಆರಂಭಿಸಿ, ಸಮಾಧಿಯು ಬರಿದಾಗಿತ್ತೆಂಬ ಸುದ್ದಿಯನ್ನು ನಾನು ಹೇಗೆ ನಂಬಿದ್ದೇನೆ, ಆ ನಂಬಿಕೆ ಎಲ್ಲೆಲ್ಲಿ ಅಲುಗಾಡುತ್ತದೆ, ಎಲ್ಲಿ ಅಲುಗಾಡುವುದಿಲ್ಲ, ಎಲ್ಲವನ್ನೂ ಹೇಳಿದೆನು. ಹತ್ತು ನಿಮಿಷವಾಗಿರಬಹುದು. ಅಡಕೊತ್ತು ನಡುವೆ ಎಲ್ಲಿಯೋ ನಿಂತಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ಛಲೋ ಮಾತು, ಮಾಸ್ತರ. ಆದ್ರ ನನಗ ಅದು ಒಗ್ಗೂದಿಲ್ಲ. ಆಕಿ ಎಲ್ಲಿ ಹೋಗ್ಯಾಳ ಅನ್ನೂದು ನಮ್ಮಪ್ಪ ಕಲಿಸಿಕೊಟ್ಟ ರೀತಿಯೊಳಗ ನನಗ ಗೊತ್ತದ.” ಹುಬ್ಬು ಏರಲಿಲ್ಲ, ನಾನು ನೋಡುತ್ತಲೇ ಇದ್ದೆನು. ಬಳಿಕ ಒಂದು ಹೋಳನ್ನು ನನ್ನ ಕೈಗೆ ಹಾಕಿ, “ಆವತ್ತ ಹೇಳಿದ್ದರ ಛಲೋ ಇತ್ತು ನೋಡ್ರಿ. ಒಪ್ಪತಿದ್ದಿಲ್ಲ, ಖರೆ. ಆದ್ರ ಆವತ್ತ ನಾ ಒಬ್ಬಾವನ ಕೂತಿದ್ದೆ” ಎಂದರು.

ಒಳಗಿನಿಂದ ಸೊಸೆ ಚಹಾ ತಂದಿಟ್ಟಳು. ಅದು ಆರುವವರೆಗೆ ನಾವಿಬ್ಬರೂ ಮಾತನಾಡಲಿಲ್ಲ.